ಮನೆಯ ಥಿಯೇಟರಿಗೂ ಇಂಟರ್‌ವಲ್ ಬೇಕು



ಕಳೆದ ವಾರದ ಬಿಪಿ ಲೇಖನ ಓದಿ ದೆಹಲಿಯಿಂದ ಒಬ್ಬ ಓದುಗರು ಸಂದೇಶ ಕಳಿಸಿದ್ದರು. "ಡಾಕ್ಟ್ರೇ, ಹೊರಗೆ ಆ್ಯಂಬುಲೆನ್ಸ್ ಸದ್ದು ನಿಲ್ಲುತ್ತಿಲ್ಲ. ನಮ್ಮ ಮಾವನವರು ಮಾತ್ರ ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಂದಾದ ಮೇಲೊಂದು ಸಿನಿಮಾ, ನಾಟಕ ನೋಡುತ್ತಾ ಕೂತಿರುತ್ತಾರೆ. ಇಂಥ ಹೊತ್ತಿನಲ್ಲಿ ಹೀಗೆ ನೋಡುವುದು ಸರಿಯೇ? ಅವರ ಹೃದಯಕ್ಕೆ ಏನೂ ಆಗುವುದಿಲ್ಲವೇ?"

ಇದರಲ್ಲಿ ಎರಡು ಪ್ರಶ್ನೆಗಳಿವೆ. ಮೊದಲನೆಯದಕ್ಕೆ ಉತ್ತರ ಸುಲಭ. ನೋಡಲಿ. ದಿನವಿಡೀ ಸಾವಿನ ಸುದ್ದಿ ಕೇಳುತ್ತಾ ಕೂರುವುದರಿಂದ ಯಾರಿಗೂ ಉಪಕಾರವಿಲ್ಲ. ವಾರ್ಡಿನಿಂದ ಬಂದು ಸ್ನಾನ ಮಾಡಿ ನಾನೇ ಅರ್ಧ ಗಂಟೆ ಯಾವುದಾದರೂ ಹಳೆಯ ಹಾಸ್ಯದ ಸಿನಿಮಾ ಹಾಕಿಕೊಳ್ಳುತ್ತೇನೆ. ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಎರಡನೆಯ ಪ್ರಶ್ನೆಗೆ ಮಾತ್ರ ಒಂದು ಸಾಲಿನ ಉತ್ತರವಿಲ್ಲ, ಅದಕ್ಕೇ ಈ ವಾರದ ಲೇಖನ.

ನಮ್ಮ ಮುಂಬಯಿ, ಪುಣೆ 2021ರ ಏಪ್ರಿಲ್ 14ರಿಂದ ಬಾಗಿಲು ಹಾಕಿಕೊಂಡವು. ದೆಹಲಿ 19ರ ರಾತ್ರಿಯಿಂದ, ಚೆನ್ನೈ ಮೇ 10ರಿಂದ, ಹೈದರಾಬಾದ್ 12ರಿಂದ. ಐಪಿಎಲ್ ಕೂಡ ಮೇ 4ಕ್ಕೆ ನಿಂತುಹೋಯಿತು. ಉಳಿದದ್ದು ಸಿನಿಮಾ, ನಾಟಕ, ಧಾರಾವಾಹಿ. ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಹೊರನಾಡಿನಲ್ಲಿರುವ ನಮಗೆ ಕನ್ನಡ ಸಿನಿಮಾ, ನಾಟಕ ಇಷ್ಟು ಹತ್ತಿರ ಹಿಂದೆಂದೂ ಇರಲಿಲ್ಲ. ನಾನು ಪುಣೆಗೆ ಬಂದ ಹೊಸತರಲ್ಲಿ ಕನ್ನಡ ಸಿನಿಮಾ ಎಂದರೆ ಯಾವುದೋ ಒಂದು ಭಾನುವಾರ ಬೆಳಿಗ್ಗೆ ಯಾವುದೋ ಒಂದು ಥಿಯೇಟರಿನಲ್ಲಿ ಒಂದೇ ಒಂದು ಆಟ. ನಾಟಕ ನೋಡಬೇಕಾದರೆ ಮುಂಬಯಿಯವರು ಮಾಟುಂಗಾದ ಮೈಸೂರು ಅಸೋಸಿಯೇಷನ್ ಕಡೆಗೆ, ದೆಹಲಿಯವರು ಆರ್.ಕೆ. ಪುರಂನ ಕರ್ನಾಟಕ ಸಂಘದ ಕಡೆಗೆ ನೋಡುತ್ತಿರಬೇಕಿತ್ತು, ಊರಿನಿಂದ ತಂಡ ಬರುವವರೆಗೆ. 2020ರಲ್ಲಿ ಲಾಕ್‌ಡೌನ್ ಆದಾಗ ಥಿಯೇಟರಿನಿಂದ ಅರ್ಧಕ್ಕೇ ಎದ್ದು ಬಂದ 'ದಿಯಾ' ನಮ್ಮ ನಡುಮನೆಯಲ್ಲಿ ಓಡಿತು. ಜುಲೈ 17ಕ್ಕೆ 'ಲಾ' ನೇರವಾಗಿ ಪ್ರೈಮ್ ವಿಡಿಯೋದಲ್ಲೇ ಬಿಡುಗಡೆಯಾಯಿತು, ಮುಂದಿನ ವಾರವೇ 'ಫ್ರೆಂಚ್ ಬಿರಿಯಾನಿ'. 2021ರ ಏಪ್ರಿಲ್ 1ಕ್ಕೆ ಥಿಯೇಟರಿಗೆ ಬಂದ 'ಯುವರತ್ನ' 9ಕ್ಕೆಲ್ಲ ಮನೆಗೆ ಬಂತು. ಬೆಂಗಳೂರಿನಲ್ಲಿರುವ ನನ್ನ ತಂಗಿಯೂ ನಾನೂ ಒಂದೇ ರಾತ್ರಿ ಒಂದೇ ಕನ್ನಡ ಸಿನಿಮಾ ನೋಡಿ ಫೋನಿನಲ್ಲಿ ಜಗಳವಾಡಿದ್ದು ಹದಿನೈದು ವರ್ಷಗಳಲ್ಲಿ ಇದೇ ಮೊದಲು.

ನನ್ನ ತಂದೆ ಸಾಗರದ ಕಡೆಯವರು, ನಿವೃತ್ತ ಮೇಷ್ಟ್ರು. ಆ ವರ್ಷ ಫೆಬ್ರವರಿಯಲ್ಲಿ ಎರಡು ತಿಂಗಳಿಗೆಂದು ಅಮ್ಮನ ಜೊತೆ ನಮ್ಮ ಮನೆಗೆ ಬಂದವರು ಇಲ್ಲೇ ಸಿಕ್ಕಿಕೊಂಡರು. 1985ರಲ್ಲಿ ನೀನಾಸಂ ತಿರುಗಾಟ ಶುರುವಾದಾಗಿನಿಂದ ಅದರ ನಾಟಕ ತಪ್ಪಿಸಿಕೊಂಡವರಲ್ಲ. ಯಕ್ಷಗಾನಕ್ಕೆ ಹೋದರೆ ಬೆಳಗಾದ ಮೇಲೆಯೇ ಬರುತ್ತಿದ್ದರು. ಅಂಥವರಿಗೆ ಮೊಮ್ಮಗಳು ಯೂಟ್ಯೂಬನ್ನು ಟಿವಿಗೆ ಹಾಕಿಕೊಡುವುದನ್ನು ಕಲಿಸಿಬಿಟ್ಟಳು. ಅಲ್ಲಿಂದ ಆಚೆ ಅವರನ್ನು ಸೋಫಾದಿಂದ ಎಬ್ಬಿಸುವುದೇ ನಮಗೆ ಕಷ್ಟವಾಯಿತು.

ಸಿನಿಮಾ ನಾಟಕದಿಂದ ಹೃದಯಕ್ಕೆ ಒಳ್ಳೆಯದಾಗುತ್ತದೆಯೇ ಎಂದು ಕೇಳುವವರಿಗೆ ಒಂದೆರಡು ಸ್ವಾರಸ್ಯದ ಸಂಗತಿ ಹೇಳಿಬಿಡುತ್ತೇನೆ. 2005ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹೃದಯತಜ್ಞರು 20 ಜನ ಆರೋಗ್ಯವಂತರಿಗೆ ಎರಡು ಸಿನಿಮಾದ ತುಣುಕು ತೋರಿಸಿದರು. ಒಂದು 'ಕಿಂಗ್‌ಪಿನ್' ಎಂಬ ಹಾಸ್ಯಚಿತ್ರ, ಇನ್ನೊಂದು 'ಸೇವಿಂಗ್ ಪ್ರೈವೇಟ್ ರಯಾನ್' ಸಿನಿಮಾದ ಯುದ್ಧದ ಭಾಗ. ನಕ್ಕಾಗ ತೋಳಿನ ರಕ್ತನಾಳದ ಹರಿವು ಸರಾಸರಿ ಶೇ. 22ರಷ್ಟು ಹೆಚ್ಚಿತು, ಯುದ್ಧ ನೋಡುವಾಗ ಶೇ. 35ರಷ್ಟು ಇಳಿಯಿತು. ನೆದರ್‌ಲ್ಯಾಂಡ್ಸಿನ ಲೈಡನ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೆವ್ವದ ಸಿನಿಮಾ ನೋಡಿದರೆ ರಕ್ತ ಹೆಪ್ಪುಗಟ್ಟುತ್ತದೆ ಎಂಬ ಮಾತನ್ನೇ ಪರೀಕ್ಷೆಗೆ ಹಚ್ಚಿದರು. 24 ಜನರಿಗೆ 'ಇನ್ಸಿಡಿಯಸ್' ತೋರಿಸಿ ರಕ್ತ ತೆಗೆದು ನೋಡಿದರೆ, ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ನಿಜಕ್ಕೂ ಹೆಚ್ಚಿತ್ತು. ಆದರೆ ಹೆಪ್ಪೇನೂ ಕಟ್ಟಿರಲಿಲ್ಲ! ಇವೆಲ್ಲ ಸಣ್ಣ ಪ್ರಯೋಗಗಳು. ಇವನ್ನು ನಂಬಿ ದಿನಕ್ಕೆ ಮೂರು ಹೊತ್ತು ಹಾಸ್ಯಚಿತ್ರ ಎಂದು ನಾನು ಚೀಟಿ ಬರೆದುಕೊಡುವುದಿಲ್ಲ. ಆದರೂ ಹೃದಯಾಘಾತವಾಗಿ ಹೊಸದಾಗಿ ಮನೆಗೆ ಬಂದವರಿಗೆ ಮೊದಲ ಕೆಲವು ವಾರ ರಾತ್ರಿ ಹೊತ್ತು ಕೊಲೆ, ದೆವ್ವದ ಧಾರಾವಾಹಿ ಬೇಡ ಎಂದು ಹೇಳುತ್ತೇನೆ. ಹೃದಯಕ್ಕಿಂತ ಹೆಚ್ಚಾಗಿ ನಿದ್ದೆಗೋಸ್ಕರ.

ನನಗೆ ಹೆಚ್ಚು ತೂಕದ್ದೆನಿಸಿದ್ದು ಬ್ರಿಟನ್ನಿನ ಒಂದು ಅಧ್ಯಯನ. 50 ದಾಟಿದ ಆರೂವರೆ ಸಾವಿರಕ್ಕೂ ಹೆಚ್ಚು ಜನರನ್ನು 14 ವರ್ಷ ಗಮನಿಸಿ 2019ರಲ್ಲಿ ಪ್ರಕಟಿಸಿದ್ದು. ಕೆಲವು ತಿಂಗಳಿಗೊಮ್ಮೆಯಾದರೂ ನಾಟಕ, ಸಂಗೀತ ಕಛೇರಿ, ಮ್ಯೂಸಿಯಂ ಎಂದು ಹೋಗುತ್ತಿದ್ದವರಲ್ಲಿ ಸಾವಿನ ಅಪಾಯ ಶೇ. 31ರಷ್ಟು ಕಡಿಮೆಯಿತ್ತು. ಗಮನಿಸಿ, ಅವರು ಹೋಗುತ್ತಿದ್ದರು. ಬಟ್ಟೆ ಹಾಕಿಕೊಂಡು, ಬಸ್ಸು ಹತ್ತಿ, ಮೆಟ್ಟಿಲೇರಿ, ನಾಲ್ಕು ಜನರನ್ನು ಮಾತಾಡಿಸಿ ಬರುತ್ತಿದ್ದರು. ಓಡಾಡಲು ಆಗುವಂಥ ಆರೋಗ್ಯವೂ ಅವರಿಗಿತ್ತು ಎನ್ನಿ. ಮನೆಯ ಟಿವಿಯಲ್ಲಿ ನಾಟಕ ಸಿಗುತ್ತದೆ, ಆ ನಡಿಗೆ, ಆ ಮೆಟ್ಟಿಲು ಸಿಗುವುದಿಲ್ಲ.

ಈಗ ನಮ್ಮ ತಂದೆಯ ಕಾಲಿನ ವಿಷಯಕ್ಕೆ ಬರುತ್ತೇನೆ. ಏಪ್ರಿಲ್ ಕೊನೆಯ ವಾರ ಒಂದು ಸಂಜೆ ಅಮ್ಮ, "ಇವರ ಚಪ್ಪಲಿ ಕಾಲಿಗೆ ಹಿಡಿಸುತ್ತಿಲ್ಲ ನೋಡು" ಎಂದರು. ಎರಡೂ ಪಾದ ಊದಿಕೊಂಡಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಹೃದಯದ ಡಾಕ್ಟರ ಮನೆಯಲ್ಲೇ ಹೀಗೆ! ಆ ದಿನ ಎಷ್ಟು ಹೊತ್ತು ಕೂತಿದ್ದರು ಎಂದು ಲೆಕ್ಕ ಹಾಕಿದರೆ ಒಂಬತ್ತು ಗಂಟೆ. ಊಟವೂ ಅಲ್ಲೇ.

ನಮ್ಮ ಮೀನಖಂಡದ ಸ್ನಾಯು ಒಂದು ಪಂಪಿನ ಹಾಗೆ. ಹೃದಯ ರಕ್ತವನ್ನು ಕಾಲಿಗೆ ತಳ್ಳುತ್ತದೆ. ಅಲ್ಲಿಂದ ಮೇಲೆ ತರಲು ಗುರುತ್ವಾಕರ್ಷಣೆಯ ಎದುರು ಏರಬೇಕು. ನೀವು ಹೆಜ್ಜೆ ಹಾಕಿದಾಗಲೆಲ್ಲ ಮೀನಖಂಡ ಬಿಗಿದು ಅದರೊಳಗಿನ ಅಭಿಧಮನಿಗಳನ್ನು ಹಿಂಡುತ್ತದೆ, ರಕ್ತ ಮೇಲಕ್ಕೆ ಹೋಗುತ್ತದೆ, ಒಳಗಿನ ಪುಟ್ಟ ಕವಾಟಗಳು ಅದನ್ನು ಮತ್ತೆ ಕೆಳಗೆ ಬೀಳಲು ಬಿಡುವುದಿಲ್ಲ. ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕೂತರೆ ಈ ಪಂಪು ಬಂದ್. ನೀರು ಪಾದದಲ್ಲಿ ನಿಲ್ಲುತ್ತದೆ. ನಿಂತ ರಕ್ತ ಕೆಲವರಲ್ಲಿ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ.

ಇದು ಹೊಸ ಕಾಯಿಲೆಯಲ್ಲ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಜನ ರಾತ್ರಿಯೆಲ್ಲ ನೆಲಮಾಳಿಗೆಯ ಆಶ್ರಯತಾಣಗಳಲ್ಲಿ ಮಡಚುವ ಕುರ್ಚಿಗಳ ಮೇಲೆ ಕೂತು ಕಳೆಯುತ್ತಿದ್ದರು. ಬಾಂಬಿನಿಂದ ಉಳಿದವರಲ್ಲಿ ಕೆಲವರು ಬೆಳಿಗ್ಗೆ ಎದ್ದು ನಿಂತು ಕುಸಿದು ಬೀಳುತ್ತಿದ್ದರು. ಕೀತ್ ಸಿಂಪ್ಸನ್ ಎಂಬ ವೈದ್ಯ ಶವಪರೀಕ್ಷೆಗಳನ್ನು ನೋಡಿ, ಶ್ವಾಸಕೋಶಕ್ಕೆ ಹೆಪ್ಪು ಹೋಗಿ ಸಾಯುವವರು ಆರು ಪಟ್ಟು ಹೆಚ್ಚಿದ್ದಾರೆಂದು ಅದೇ ವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ. ಕುರ್ಚಿಯ ಅಡ್ಡಪಟ್ಟಿ ತೊಡೆಯ ಹಿಂಭಾಗ ಒತ್ತುತ್ತಿತ್ತು, ಕಾಲು ಅಲುಗಾಡುತ್ತಿರಲಿಲ್ಲ. ಕೂರುವ ಬದಲು ಮಲಗಲು ಬಂಕುಗಳನ್ನು ಹಾಕಿಕೊಡಬೇಕು ಎಂಬುದು ಅವನ ಸಲಹೆ. ಜೀವ ಉಳಿಸಿಕೊಳ್ಳಲು ಒಳಗೆ ಕೂತವರಿಗೆ ಆ ಕೂರುವಿಕೆಯೇ ಮುಳುವಾಯಿತು. ಲಾಕ್‌ಡೌನಿನಲ್ಲಿ ನಾವೂ ಒಳಗೆ ಕೂತಿದ್ದೆವು, ಅದಕ್ಕೇ ಈ ಹಳೆಯ ಕಥೆ ನೆನಪಾಯಿತು.

ಟಿವಿಯ ಲೆಕ್ಕವೂ ಇದೆ. ಜಪಾನಿನಲ್ಲಿ 86,000 ಜನರನ್ನು 19 ವರ್ಷ ಹಿಂಬಾಲಿಸಿದಾಗ, ದಿನಕ್ಕೆ ಐದು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಟಿವಿ ನೋಡುವವರಲ್ಲಿ ಶ್ವಾಸಕೋಶದ ಹೆಪ್ಪಿನಿಂದಾದ ಸಾವು ಎರಡೂವರೆ ಗಂಟೆಗಿಂತ ಕಡಿಮೆ ನೋಡುವವರ ಎರಡೂವರೆ ಪಟ್ಟು ಇತ್ತು. ಗಾಬರಿಯಾಗಬೇಡಿ. ಅಷ್ಟು ಜನರಲ್ಲಿ, ಅಷ್ಟು ವರ್ಷಗಳಲ್ಲಿ ಹಾಗೆ ಸತ್ತವರು ಒಟ್ಟು 59 ಮಂದಿ. ಆಸ್ಟ್ರೇಲಿಯಾದ 2010ರ ಅಧ್ಯಯನ ನನಗೆ ಹೆಚ್ಚು ಚಿಂತೆ ಹುಟ್ಟಿಸುತ್ತದೆ: ದಿನಕ್ಕೆ ನಾಲ್ಕು ಗಂಟೆಗೂ ಹೆಚ್ಚು ಟಿವಿ ನೋಡುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಎರಡು ಗಂಟೆಗಿಂತ ಕಡಿಮೆ ನೋಡುವವರಿಗಿಂತ ಶೇ. 80ರಷ್ಟು ಹೆಚ್ಚು. ತಪ್ಪು ಪರದೆಯದಲ್ಲ, ಕುರ್ಚಿಯದು.

ಅಪ್ಪನ ಕಾಲಿಗೆ ಇನ್ನೊಂದು ಕಾರಣವೂ ಇತ್ತು. ಅವರು ಬಿಪಿಗೆ ಅಮ್ಲೋಡಿಪಿನ್ ತೆಗೆದುಕೊಳ್ಳುತ್ತಾರೆ. ಆ ಮಾತ್ರೆಯಿಂದ ಕೆಲವರಿಗೆ ಪಾದ ಊದುತ್ತದೆ. ಹಾಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ನಿಮ್ಮ ವೈದ್ಯರಿಗೆ ಫೋನ್ ಮಾಡಿ. ಎರಡೂ ಕಾಲು ಸಮನಾಗಿ ಊದಿ, ಬೆಳಿಗ್ಗೆ ಇಳಿದಿದ್ದರೆ ಒಂದೆರಡು ದಿನ ಕಾಯಬಹುದು. ಒಂದೇ ಕಾಲು ಊದಿ, ಮೀನಖಂಡ ನೋಯುತ್ತಾ ಬಿಸಿಯಾಗಿದ್ದರೆ ಅದೇ ದಿನ ತೋರಿಸಬೇಕು. ಊತದ ಜೊತೆ ಉಸಿರುಕಟ್ಟಿದರೆ, ಮಲಗಿದಾಗ ಉಸಿರಾಡಲು ಆಗದಿದ್ದರೆ ಕಾಯಲೇಬೇಡಿ. ಕೋವಿಡ್ ಬಂದು ಹೋದವರು ಇನ್ನೂ ಜಾಗ್ರತೆಯಿಂದಿರಬೇಕು. ಆ ಸೋಂಕಿನಲ್ಲಿ ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚುತ್ತದೆ. ವಿಶ್ರಾಂತಿ ಎಂದರೆ ದಿನವಿಡೀ ಮಂಚದ ಮೇಲೆ ಸಿನಿಮಾ ಎಂದಲ್ಲ. ಆಯಾಸವಾಗದಷ್ಟು ಕೋಣೆಯೊಳಗೇ ಓಡಾಡಬೇಕು.

ಹಾಗಾದರೆ ಏನು ಮಾಡುವುದು? ಇಂಟರ್‌ವಲ್ ಮರಳಿ ತನ್ನಿ.

ನೆನಪಿದೆಯಲ್ಲ, ನಮ್ಮೂರ ಟಾಕೀಸಿನಲ್ಲಿ ದೀಪ ಹೊತ್ತಿದ ಕೂಡಲೇ ಅರ್ಧ ಜನ ಹೊರಗೆ ಓಡುತ್ತಿದ್ದರು. ಚಹಾ, ಬೋಂಡಾ, ಪರಿಚಯದವರ ಹುಡುಕಾಟ. ಕಂಪನಿ ನಾಟಕದಲ್ಲಿ ಗಂಟೆ ಹೊಡೆಯುವವರೆಗೂ ಯಾರೂ ಒಳಗೆ ಬರುತ್ತಿರಲಿಲ್ಲ. ಬೋಂಡಾ ಬಿಟ್ಟರೆ ಅದರಲ್ಲಿ ಹೃದಯಕ್ಕೆ ಕೆಟ್ಟದ್ದೇನೂ ಇರಲಿಲ್ಲ! ಈಗಿನ ಧಾರಾವಾಹಿಗಳು ಇಂಟರ್‌ವಲ್ ಕಿತ್ತುಹಾಕಿವೆ. ಒಂದು ಕಂತು ಮುಗಿದು ಹೆಸರು ಬರುವುದರೊಳಗೆ ಮುಂದಿನದು ತಾನಾಗಿ ಶುರು. ಮೊದಲು ಆ ತಾನಾಗಿ ಶುರುವಾಗುವ ವ್ಯವಸ್ಥೆಯನ್ನು ಸೆಟ್ಟಿಂಗಿನಲ್ಲಿ ಆರಿಸಿ, ಮಕ್ಕಳಿಗೆ ಹೇಳಿದರೆ ಒಂದು ನಿಮಿಷದ ಕೆಲಸ.

ನಮ್ಮ ಮನೆಯಲ್ಲಿ ಮುಕ್ಕಾಲು ಗಂಟೆಗೊಮ್ಮೆ ಪೂಜೆಯ ಗಂಟೆ ಹೊಡೆಯುತ್ತದೆ. ಹೊಡೆಯುವ ಅಧಿಕಾರ ಮಗಳದ್ದು. ಗಂಟೆಯಾದರೆ ಎಲ್ಲರೂ ಏಳಬೇಕು, ಕಥೆ ಎಂಥ ಘಟ್ಟದಲ್ಲಿದ್ದರೂ ಸರಿ. ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಇಪ್ಪತ್ತು ಸಲ, ಅಡುಗೆಮನೆಯಿಂದ ಬಾಲ್ಕನಿಗೆ ನಾಲ್ಕು ಸುತ್ತು, ಒಂದು ಲೋಟ ನೀರು. (ಹೃದಯ ದುರ್ಬಲವಿದ್ದು ನೀರಿನ ಮಿತಿ ಹಾಕಿಸಿಕೊಂಡವರು ಆ ಮಿತಿಯಲ್ಲೇ ಇರಿ.) ನಿಂತರೆ ತಲೆಸುತ್ತುವ ಹಿರಿಯರು ಕೂತಲ್ಲೇ ಪಾದವನ್ನು ಹೊಲಿಗೆ ಯಂತ್ರ ತುಳಿದಂತೆ ಆಡಿಸಲಿ. ಕಾಲು ಇಡಲು ಒಂದು ಮಣೆಯೋ ಸ್ಟೂಲೋ ಇರಲಿ. ವಾರದಲ್ಲಿ ಅಪ್ಪನ ಚಪ್ಪಲಿ ಮತ್ತೆ ಹಿಡಿಸಿತು.

ತಿಂಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆ ಗೊತ್ತಿರುವುದೇ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ, ಅಂದರೆ ಒಂದು ಚಮಚದೊಳಗೆ ಇರಬೇಕು. ಹಪ್ಪಳ, ಚಿವ್ಡಾ, ಚಕ್ಕುಲಿಯ ಡಬ್ಬಿ ಟಿವಿ ಮುಂದೆ ಬಂದರೆ ಆ ಲೆಕ್ಕ ಇಂಟರ್‌ವಲ್ಲಿಗೆ ಮೊದಲೇ ಮುಗಿಯುತ್ತದೆ. ಡಬ್ಬಿ ತರಬೇಡಿ, ತಟ್ಟೆಯಲ್ಲಿ ಹಾಕಿಕೊಂಡು ಬನ್ನಿ. ರಾತ್ರಿಯ ಮಾತ್ರೆಯನ್ನು ಸಿನಿಮಾಕ್ಕೆ ಮೊದಲೇ ತೆಗೆದುಕೊಳ್ಳಿ. "ಇದೊಂದು ಮುಗಿಯಲಿ" ಎಂದವರು ಅಲ್ಲೇ ನಿದ್ದೆಹೋಗಿ ಮಾತ್ರೆ ತಪ್ಪಿಸಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಇಷ್ಟು ಹೊತ್ತು ತಮಾಷೆಯಾಗಿ ಬರೆದೆ. ಈಗ ಹೇಳುವುದನ್ನು ದಯವಿಟ್ಟು ನಿಧಾನವಾಗಿ ಓದಿ.

ಇತ್ತೀಚೆಗೆ ನಮ್ಮಲ್ಲಿಗೆ ಒಬ್ಬರು ಬಂದರು. ಐವತ್ತರ ಆಸುಪಾಸು, ಉತ್ತರ ಕರ್ನಾಟಕದವರು, ಪುಣೆಯಲ್ಲಿ ಇಂಜಿನಿಯರ್. ಹಿಂದಿನ ರಾತ್ರಿ ಹತ್ತೂವರೆಗೆ ಮನೆಯವರ ಜೊತೆ ಒಂದು ಧಾರಾವಾಹಿ ನೋಡುತ್ತಿದ್ದಾಗ ಎದೆಯ ಮೇಲೆ ಏನೋ ಇಟ್ಟಂತಾಯಿತಂತೆ. ಸಂಜೆ ತಿಂದ ಮಿರ್ಚಿ ಭಜಿಯ ಗ್ಯಾಸು ಎಂದುಕೊಂಡರು. ನಿಲ್ಲಿಸಿ ಎದ್ದು ಜೀರಿಗೆ ನೀರು ಕುಡಿದು ಬಂದು ಮತ್ತೆ ಶುರು ಮಾಡಿದರು. ಇನ್ನೊಮ್ಮೆ ನಿಲ್ಲಿಸಿ ಗ್ಯಾಸಿನ ಮಾತ್ರೆ ನುಂಗಿ ಬೆವರು ಒರೆಸಿಕೊಂಡು ಬಂದು ಕೂತರು. ಹೆಂಡತಿ ಆಸ್ಪತ್ರೆಗೆ ಹೋಗೋಣ ಎಂದಾಗ, "ಈಗ ಅಲ್ಲಿಗೆ ಹೋದರೆ ಕೋವಿಡ್ ಹತ್ತಿಸಿಕೊಂಡು ಬರುತ್ತೇವೆ, ಬೆಳಿಗ್ಗೆ ನೋಡೋಣ" ಎಂದರು. ಬೆಳಿಗ್ಗೆ ಏಳೂವರೆಗೆ ಬಂದಾಗ ಒಂಬತ್ತು ಗಂಟೆ ಕಳೆದಿತ್ತು. ಮುಚ್ಚಿದ್ದ ರಕ್ತನಾಳ ತೆರೆದೆವು, ಜೀವ ಉಳಿಯಿತು. ಆದರೆ ಸಾಮಾನ್ಯವಾಗಿ ಶೇ. 55ರ ಮೇಲಿರಬೇಕಾದ ಹೃದಯದ ಪಂಪಿಂಗ್ 35ಕ್ಕೆ ಇಳಿದಿದೆ. ಆ ರಾತ್ರಿ ಹನ್ನೆರಡರೊಳಗೆ ಬಂದಿದ್ದರೆ ಹೀಗಾಗುತ್ತಿರಲಿಲ್ಲ ಎಂದೇ ನನಗನ್ನಿಸುತ್ತದೆ. ಅವರ ಹೆಂಡತಿ ಹೇಳಿದ ಒಂದು ಮಾತು ಮನಸ್ಸಿನಿಂದ ಹೋಗುತ್ತಿಲ್ಲ: "ಎರಡು ಸಲ ನಿಲ್ಲಿಸಿದ್ವಿ ಡಾಕ್ಟ್ರೇ, ಎರಡು ಸಲವೂ ಮತ್ತೆ ನಾನೇ ಹಚ್ಚಿದೆ."

ಇದು ಒಬ್ಬರ ಕಥೆಯಲ್ಲ. 2020ರ ಮಾರ್ಚ್‌ನಲ್ಲಿ ಇಟಲಿಯ 54 ಆಸ್ಪತ್ರೆಗಳಲ್ಲಿ ಒಂದು ವಾರದ ಲೆಕ್ಕ ತೆಗೆದರೆ ಹೃದಯಾಘಾತಕ್ಕೆ ದಾಖಲಾದವರು ಹಿಂದಿನ ವರ್ಷದ ಅದೇ ವಾರದ ಸುಮಾರು ಅರ್ಧದಷ್ಟೇ. ಬಂದವರಲ್ಲಿ, ದೊಡ್ಡ ಹೃದಯಾಘಾತವಾದವರ ಸಾವಿನ ಪ್ರಮಾಣ ಶೇ. 4.1ರಿಂದ 13.7ಕ್ಕೆ ಏರಿತ್ತು. ಕಾಯಿಲೆ ಕಡಿಮೆಯಾಗಿರಲಿಲ್ಲ, ಜನ ಮನೆಯಲ್ಲೇ ಕೂತಿದ್ದರು.

ಎದೆಯ ನಡುವೆ ಒತ್ತಿದಂತೆ, ಬಿಗಿದಂತೆ ಆಗಿ ಹತ್ತು ನಿಮಿಷವಾದರೂ ಹೋಗದಿದ್ದರೆ, ದವಡೆಗೋ ತೋಳಿಗೋ ಬೆನ್ನಿಗೋ ಹರಡಿದರೆ, ತಣ್ಣನೆಯ ಬೆವರು ಬಂದರೆ, ಅದು ಗ್ಯಾಸೋ ಅಲ್ಲವೋ ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ, ಇಸಿಜಿಯ ಕೆಲಸ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಎಪ್ಪತ್ತು ದಾಟಿದವರಲ್ಲಿ ನೋವೇ ಇಲ್ಲದೆ ಬರೀ ಉಸಿರುಗಟ್ಟುವಿಕೆ, ವಾಂತಿ, ಹಿಂದೆಂದೂ ಇಲ್ಲದ ಸುಸ್ತು ಬರಬಹುದು. 112ಕ್ಕೆ ಅಥವಾ 108ಕ್ಕೆ, ದೆಹಲಿಯಲ್ಲಾದರೆ 102ಕ್ಕೆ ಕರೆ ಮಾಡಿ. ಆ್ಯಂಬುಲೆನ್ಸ್ ತಡ ಎಂದರೆ ಮನೆಯವರೋ ನೆರೆಯವರೋ ಗಾಡಿಯಲ್ಲಿ ಕರೆದೊಯ್ಯಲಿ, ನೋವಿರುವವರು ಓಡಿಸಬಾರದು. ಆಸ್ಪಿರಿನ್ ಅಲರ್ಜಿ, ಹೊಟ್ಟೆ ಹುಣ್ಣು, ರಕ್ತಸ್ರಾವದ ತೊಂದರೆ ಇಲ್ಲದವರು ಫೋನಿನಲ್ಲಿ ವೈದ್ಯರನ್ನು ಕೇಳಿ 300 ಮಿ.ಗ್ರಾಂ. ಆಸ್ಪಿರಿನ್ ಜಗಿದು ನುಂಗಬಹುದು. ಪಕ್ಕದ ಮನೆಯವರು ಕೊಟ್ಟರೆಂದು ಸಾರ್ಬಿಟ್ರೇಟ್ ನಾಲಿಗೆಯಡಿ ಇಟ್ಟುಕೊಳ್ಳಬೇಡಿ, ಬಿಪಿ ದಿಢೀರ್ ಬೀಳಬಹುದು. ನಿಮ್ಮ ಹತ್ತಿರ ಯಾವ ಆಸ್ಪತ್ರೆಯಲ್ಲಿ ಹೃದಯ ವಿಭಾಗವಿದೆ ಎಂದು ಇವತ್ತೇ ಫೋನ್ ಮಾಡಿ ತಿಳಿದಿಟ್ಟುಕೊಳ್ಳಿ.

ಹೊರನಾಡಿನ ಮನೆಗಳಿಗೆ ಇನ್ನೊಂದು ಮಾತು. ಊರಿನಿಂದ ಬಂದ ನಿಮ್ಮ ತಾಯಿಗೆ ಎದೆನೋವನ್ನು ತಮಿಳಿನಲ್ಲಿ ಹೇಳಲು ಬರುತ್ತದೆಯೇ? ನೀವು ಕೋಣೆಯ ಬಾಗಿಲು ಹಾಕಿಕೊಂಡು ಆಫೀಸಿನ ಮೀಟಿಂಗಿನಲ್ಲಿರುವಾಗ, ಅಥವಾ ಔಷಧಿ ತರಲು ಹೊರಗೆ ಹೋದಾಗ, ಒಬ್ಬರೇ ಟಿವಿ ಮುಂದೆ ಕೂತ ಅವರಿಗೆ ಸಂಕಟವಾದರೆ ಕೆಳಗಿನ ವಾಚ್‌ಮನ್ನಿಗೆ ಏನೆಂದು ಹೇಳುತ್ತಾರೆ? ನನ್ನ ಅಮ್ಮನಿಗೆ ನಾನು ಮರಾಠಿಯಲ್ಲಿ ಎರಡೇ ಪದ ಕಲಿಸಿದ್ದೇನೆ: "ಛಾತೀತ್ ದುಖ್ತಂಯ್." ಚೆನ್ನೈಯವರು "ನೆಂಜು ವಲಿಕ್ಕುದು" ಎಂದು ಕಲಿಸಿ, ಹೈದರಾಬಾದಿನವರು "ಗುಂಡೆ ನೊಪ್ಪಿ", ದೆಹಲಿಯವರು "ಸೀನೇ ಮೇಂ ದರ್ದ್". ಒಂದು ಹಾಳೆಯ ಮೇಲೆ ಆಯಾ ಊರಿನ ಭಾಷೆಯಲ್ಲಿ ಮನೆಯ ವಿಳಾಸ, ಮಹಡಿ, ಅವರ ವಯಸ್ಸು, ಕಾಯಿಲೆ, ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ನಿಮ್ಮ ಮೊಬೈಲ್ ನಂಬರ್ ಬರೆದು ಟಿವಿಯ ಪಕ್ಕದ ಗೋಡೆಗೆ ಅಂಟಿಸಿ. ಟಿವಿಯ ಪಕ್ಕದಲ್ಲೇ ಏಕೆಂದರೆ ಈಗ ಎಲ್ಲರ ಕಣ್ಣು ಇರುವುದು ಅಲ್ಲೇ.

ದೆಹಲಿಯ ಓದುಗರಿಗೆ: ನಿಮ್ಮ ಮಾವನವರ ಸಿನಿಮಾ ನಿಲ್ಲಿಸಬೇಡಿ. ಅವರ ಪಕ್ಕದಲ್ಲಿ ದಿನಕ್ಕೊಂದಾದರೂ ನೀವೂ ಕೂತು ನೋಡಿ, ಅವರು ಯಾವ ಊರಿನ ಯಾವ ಟಾಕೀಸಿನಲ್ಲಿ ಅದನ್ನು ಮೊದಲು ನೋಡಿದ್ದು ಎಂದು ಕೇಳಿ. ಮುಕ್ಕಾಲು ಗಂಟೆಗೆ ಎಬ್ಬಿಸಿ. ಬೈದರೆ ಡಾಕ್ಟರ ಹೆಸರು ಹೇಳಿ.

ಮುಂದಿನ ವಾರ, ಮನೆಯ ಆಕ್ಸಿಮೀಟರ್ ಬಗ್ಗೆ ಬಂದಿರುವ ಪ್ರಶ್ನೆಗಳಿಗೆ ಉತ್ತರಿಸುತ್ತೇನೆ. ಇವತ್ತು ರಾತ್ರಿ ನಮ್ಮಲ್ಲಿ ಅಪ್ಪ ಆರಿಸಿದ ಯಕ್ಷಗಾನ, ಮೂರು ಗಂಟೆಯದ್ದಂತೆ. ಮಗಳಿಗೆ ನಾಳೆ ಆನ್‌ಲೈನ್ ಪರೀಕ್ಷೆ. ಹಾಗಾಗಿ ಗಂಟೆ ಹೊಡೆಯುವ ಪಾಳಿ ನನ್ನದು.